ಗುರಿ ಅಭ್ಯಾಸಕ್ಕೊಂದು ನಂಬಿಕಸ್ತ .22 ಪಿಸ್ತೂಲು: ಆರಿಸುವುದು ಹೇಗೆ?

ಹವ್ಯಾಸಕ್ಕೆಂದು ಗುರಿ ಹೊಡೆಯಲು ಪಿಸ್ತೂಲು ಕೊಳ್ಳಹೊರಟವರು ಮೊದಲು ಕೇಳುವ ಪ್ರಶ್ನೆ, "ಯಾವ ಕಂಪನಿಯದು ಒಳ್ಳೆಯದು?" ಅದಕ್ಕೂ ಉತ್ತರವಿದೆ, ಮುಂದೆ ಹೇಳುತ್ತೇನೆ. ಆದರೆ ಸಣ್ಣ ಕ್ಯಾಲಿಬರಿನ, ಅಂದರೆ ನಳಿಗೆಯ ಒಳ ಅಳತೆ ಸಣ್ಣದಿರುವ, ಪಿಸ್ತೂಲು ಕೈಕೊಟ್ಟಾಗ ಬಹಳಷ್ಟು ಸಲ ತಪ್ಪು ಪಿಸ್ತೂಲಿನದಷ್ಟೇ ಆಗಿರುವುದಿಲ್ಲ. ಪಿಸ್ತೂಲು, ಕಾಡತೂಸು ತುಂಬಿಡುವ ಮ್ಯಾಗಜೀನು, ಕಾಡತೂಸು ಈ ಮೂರು ಒಂದಕ್ಕೊಂದು ಒಗ್ಗದೆ ಇದ್ದಾಗ ತೊಂದರೆ ಶುರುವಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಪಿಸ್ತೂಲನ್ನು ಮಾತ್ರ ನೋಡದೆ ಈ ಮೂರನ್ನೂ ಒಟ್ಟಿಗೆ ತೂಗಿ ನೋಡಬೇಕು.

ಬಿಡುವಿದ್ದಾಗ ರೇಂಜಿಗೆ ಹೋಗಿ ಕಾಗದದ ಗುರಿಗೋ ಉಕ್ಕಿನ ತಟ್ಟೆಗೋ ಹೊಡೆದು ಸಂತೋಷಪಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇಟೆ, ಆತ್ಮರಕ್ಷಣೆ, ದೊಡ್ಡ ಮಟ್ಟದ ಸ್ಪರ್ಧೆ ಇವುಗಳ ಲೆಕ್ಕಾಚಾರವೇ ಬೇರೆ.

ಕೊಳ್ಳುವ ಮುನ್ನ

ಪರವಾನಗಿಯ ನಿಯಮಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಯಾವ ಕ್ಯಾಲಿಬರ್‌ಗೆ ಅನುಮತಿ ಇದೆ, ನಳಿಗೆ ಕನಿಷ್ಠ ಎಷ್ಟು ಉದ್ದವಿರಬೇಕು, ಮ್ಯಾಗಜೀನಿನಲ್ಲಿ ಎಷ್ಟು ಗುಂಡು ಹಿಡಿಯಬಹುದು, ಕ್ಲಬ್ಬಿನ ಸದಸ್ಯತ್ವ ಕಡ್ಡಾಯವೇ, ಇವನ್ನೆಲ್ಲ ಮಾದರಿ ಆರಿಸುವ ಮೊದಲೇ ತಿಳಿದುಕೊಳ್ಳಿ. ಹಣ ಕೊಟ್ಟ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಎಲ್ಲಿ ಹೊಡೆಯುತ್ತೀರಿ, ಮನೆಯಲ್ಲಿ ಎಲ್ಲಿ ಬೀಗ ಹಾಕಿ ಇಡುತ್ತೀರಿ ಎನ್ನುವುದಕ್ಕೂ ಖಚಿತ ಉತ್ತರ ಇರಬೇಕು. ಇವೆರಡಕ್ಕೆ ಉತ್ತರ ಇಲ್ಲದಿದ್ದರೆ ಕೊಳ್ಳುವುದನ್ನು ಮುಂದೂಡಿ. ಅಲ್ಲಿಯವರೆಗೆ 4.5 ಮಿ.ಮೀ. ಏರ್ ಪಿಸ್ತೂಲಿನಲ್ಲಿ 10 ಮೀಟರ್ ದೂರದ ಗುರಿ ಅಭ್ಯಾಸ ಮಾಡುವುದು ಒಳ್ಳೆಯ ದಾರಿ. ಅದರ ಗುರಿಯ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ. ಅಲ್ಲಿ ಕಲಿತ ಟ್ರಿಗರ್ ಹತೋಟಿ ಎಲ್ಲ ಕಡೆಯೂ ಕೆಲಸಕ್ಕೆ ಬರುತ್ತದೆ.

ಕ್ಯಾಲಿಬರ್: .22 ಎಲ್‌ಆರ್

ಸಣ್ಣ ಕ್ಯಾಲಿಬರ್ ಎಂದೊಡನೆ .22 ಶಾರ್ಟ್, .22 ಲಾಂಗ್ ರೈಫಲ್, .22 ಮ್ಯಾಗ್ನಮ್, .25 ಎಸಿಪಿ, .32 ಎಂದು ಹಲವು ಹೆಸರು ಕಿವಿಗೆ ಬೀಳುತ್ತವೆ. ಗುರಿ ಅಭ್ಯಾಸಕ್ಕೆ .22 ಲಾಂಗ್ ರೈಫಲ್ ಸಾಕು, ಚಿಕ್ಕದಾಗಿ .22 ಎಲ್‌ಆರ್. ಹೆಸರಿನಲ್ಲಿ ರೈಫಲ್ ಎಂದಿದ್ದರೂ ಪಿಸ್ತೂಲಿಗೂ ಇದೇ ಕಾಡತೂಸು. 1887ರಿಂದ ಬಳಕೆಯಲ್ಲಿದೆ. ಗುಂಡಿನ ವ್ಯಾಸ ಸುಮಾರು 5.7 ಮಿ.ಮೀ., ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಒದೆತ ತೀರಾ ಕಡಿಮೆ, ದೊಡ್ಡ ಕ್ಯಾಲಿಬರ್‌ಗಳಿಗೆ ಹೋಲಿಸಿದರೆ ಖರ್ಚೂ ಬಹಳ ಕಡಿಮೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ದೊಡ್ಡ ಸದ್ದಿಗೂ ಒದೆತಕ್ಕೂ ಹೆದರಿ ಟ್ರಿಗರ್ ಎಳೆಯುವ ಕ್ಷಣದಲ್ಲಿ ಕೈ ಬೆಚ್ಚುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. .22ರಲ್ಲಿ ಕಲಿತವರಿಗೆ ಅದು ಅಂಟುವ ಸಂಭವ ಕಡಿಮೆ.

1959ರಲ್ಲಿ ಬಂದ .22 ಮ್ಯಾಗ್ನಮ್‌ನ ಶಕ್ತಿ ಪೂರ್ತಿ ದಕ್ಕುವುದು ರೈಫಲಿನ ಉದ್ದ ನಳಿಗೆಯಲ್ಲಿ. ಪಿಸ್ತೂಲಿನ ಗಿಡ್ಡ ನಳಿಗೆಯಲ್ಲಿ ಸದ್ದು, ಬೆಂಕಿಯ ಮಿಂಚು, ಖರ್ಚು ಮೂರೂ ಹೆಚ್ಚುತ್ತವೆ, ಗುರಿಗೆ ಸಿಗುವ ಲಾಭ ಏನೂ ಇಲ್ಲ. .25 ಎಸಿಪಿ ಜೇಬಿನ ಪಿಸ್ತೂಲುಗಳಿಗೆಂದು ಹುಟ್ಟಿದ್ದು. .32 ಎಸ್ ಆಂಡ್ ಡಬ್ಲ್ಯು ಲಾಂಗ್ ಕಾಡತೂಸಿನ ವ್ಯಾಡ್‌ಕಟರ್ ಎಂಬ ಚಪ್ಪಟೆ ಮೂಗಿನ ಗುಂಡು ಬಹಳ ನಿಖರ. ಆದರೆ ಅದು ಸ್ಪರ್ಧಿಗಳ ದಾರಿ.

.22ಗೆ ಹುಟ್ಟಿನಿಂದಲೇ ಬಂದ ಒಂದು ದೌರ್ಬಲ್ಯವಿದೆ, ಅದು ಗೊತ್ತಿರಲೇಬೇಕು. ಇದು ರಿಮ್‌ಫೈರ್ ಕಾಡತೂಸು. ಕಿಡಿ ಹೊತ್ತಿಸುವ ರಾಸಾಯನಿಕವು ಹಿತ್ತಾಳೆಯ ಕೇಸಿನ ಬುಡದ ಅಂಚಿನೊಳಗೆ ಸುತ್ತಲೂ ಹರಡಿಕೊಂಡಿರುತ್ತದೆ. ಟ್ರಿಗರ್ ಎಳೆದಾಗ ಬಡಿಯುವ ಫೈರಿಂಗ್ ಪಿನ್ನು ಅಂಚನ್ನು ಜಜ್ಜಿದಾಗ ಅದು ಹೊತ್ತಿಕೊಳ್ಳಬೇಕು. ತಯಾರಿಕೆಯಲ್ಲಿ ಅಂಚಿನ ಒಂದು ಕಡೆ ರಾಸಾಯನಿಕ ಸರಿಯಾಗಿ ಹರಡದೆ ಉಳಿದು, ಪಿನ್ನು ಅಲ್ಲಿಗೇ ಬಡಿದರೆ ಗುಂಡು ಹಾರುವುದಿಲ್ಲ. ಜೊತೆಗೆ ಅಂಚು ಹೊರಕ್ಕೆ ಚಾಚಿಕೊಂಡಿರುವುದರಿಂದ ಮ್ಯಾಗಜೀನಿನಲ್ಲಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಬೀಳುವುದೂ ಉಂಟು. ಗುಂಡಿಗೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಆ ಜಿಡ್ಡು, ಸೀಸ, ಮದ್ದಿನ ಮಸಿ ಸೇರಿ ಪಿಸ್ತೂಲಿನೊಳಗೆ ಬೇಗ ಕೊಳೆ ಕಟ್ಟುತ್ತದೆ. ಆದ್ದರಿಂದ ಯಾವ .22 ಪಿಸ್ತೂಲೂ ನೂರಕ್ಕೆ ನೂರು ನಿರಾತಂಕವಾಗಿ ಓಡುತ್ತದೆ ಎಂದು ನಿರೀಕ್ಷಿಸಬೇಡಿ. ನಮ್ಮ ಹುಡುಕಾಟ ಈ ತೊಂದರೆಗಳನ್ನು ಅತ್ಯಂತ ಕಡಿಮೆ ಮಾಡಿಕೊಂಡ ವಿನ್ಯಾಸಕ್ಕಾಗಿ.

ಮೂರು ಬಗೆ, ಮತ್ತು ನನ್ನ ಒಲವು

ಮೊದಲನೆಯ ಬಗೆ ನಳಿಗೆ ಅಲುಗದೆ ಚೌಕಟ್ಟಿಗೆ ಗಟ್ಟಿಯಾಗಿ ಕೂತಿರುವ ಪೂರ್ಣ ಗಾತ್ರದ ಪಿಸ್ತೂಲು. ರೂಗರ್ ಕಂಪನಿ 1949ರಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರಿನಲ್ಲಿ ಆರಂಭಿಸಿದ ಸಾಲು ಇಂದು ಮಾರ್ಕ್ 4ರವರೆಗೆ ಬಂದಿದೆ. ಬ್ರೌನಿಂಗ್‌ನ ಬಕ್ ಮಾರ್ಕ್ 1985ರದ್ದು. ಸ್ಮಿತ್ ಆಂಡ್ ವೆಸನ್ನಿನ ವಿಕ್ಟರಿ 2016ರಲ್ಲಿ ಬಂತು. ಈ ಮೂರರಲ್ಲೂ ನಳಿಗೆ ಮತ್ತು ಚೌಕಟ್ಟಿನ ಸಂಬಂಧ ಸಡಿಲವಾಗುವುದಿಲ್ಲ, ಹಿಂದೆ ಮುಂದೆ ಓಡಾಡುವ ಬೋಲ್ಟು ಹಗುರ, ನಳಿಗೆ ಭಾರ. ದಪ್ಪ ನಳಿಗೆಯ ಮಾದರಿಗಳ ತೂಕ ಒಂದು ಕಿಲೋ ಆಸುಪಾಸು. ಆ ತೂಕವೇ ಕೈ ನಡುಕವನ್ನು ಹತೋಟಿಗೆ ತರುತ್ತದೆ. ರೂಗರ್ ಮತ್ತು ವಿಕ್ಟರಿಯಲ್ಲಿ ಗುರಿ ನೋಡುವ ಮುಂದಿನ ಹಿಂದಿನ ಎರಡೂ ಸೈಟುಗಳು ಅಲುಗದ ಭಾಗದ ಮೇಲೆಯೇ ಇರುತ್ತವೆ, ಬಕ್ ಮಾರ್ಕ್‌ನಲ್ಲೂ ಹಿಂದಿನ ಸೈಟು ಕೂರುವ ಪಟ್ಟಿ ಬೋಲ್ಟಿನ ಜೊತೆ ಓಡಾಡುವುದಿಲ್ಲ. ಸೈಟು ಓಡಾಡದಿದ್ದರೆ ಗುರಿಯೂ ಓಡಾಡುವುದಿಲ್ಲ.

ಎರಡನೆಯ ಬಗೆ ಪೊಲೀಸರ, ಸೈನಿಕರ ಪಿಸ್ತೂಲಿನ ರೂಪವನ್ನೇ .22ಗೆ ಇಳಿಸಿದವು. 2002ರ ವಾಲ್ಥರ್ ಪಿ22, 2012ರ ರೂಗರ್ ಎಸ್‌ಆರ್22, 2019ರ ಟಾರಸ್ ಟಿಎಕ್ಸ್22, 2020ರಲ್ಲಿ ಮಾರುಕಟ್ಟೆಗೆ ಬಂದ ಗ್ಲಾಕ್ 44 ಈ ಪೈಕಿ. ಹಗುರ, ಚಿಕ್ಕ ಕೈಗೂ ಒಗ್ಗುತ್ತವೆ. ಗ್ಲಾಕ್ 44 ಖಾಲಿ ಇದ್ದಾಗ ಅರ್ಧ ಕಿಲೋಗಿಂತಲೂ ಕಡಿಮೆ. ದೊಡ್ಡ ಕ್ಯಾಲಿಬರಿನ ಅದೇ ರೂಪದ ಪಿಸ್ತೂಲು ಈಗಾಗಲೇ ಇರುವವರಿಗೆ ಕಡಿಮೆ ಖರ್ಚಿನ ಅಭ್ಯಾಸಕ್ಕೆ ಇವು ತಕ್ಕವು. ಆದರೆ ಗುರಿಯೊಂದೇ ಉದ್ದೇಶವಾಗಿದ್ದರೆ ಕಣ್ಣಿಗೆ ಕಂಡ ಅಂದಕ್ಕೆ ಮರುಳಾಗಬೇಡಿ. ತೂಕ ಕಡಿಮೆ, ಸೈಟುಗಳ ನಡುವಿನ ಅಂತರ ಕಡಿಮೆ, ಟ್ರಿಗರ್ ಸಾಮಾನ್ಯವಾಗಿ ಬಿಗಿ. .22ರ ಸಣ್ಣ ಶಕ್ತಿಗೆ ಸ್ಲೈಡು, ಅಂದರೆ ಹಿಂದೆ ಮುಂದೆ ಓಡಾಡುವ ಮೇಲ್ಭಾಗ, ಓಡಬೇಕೆಂದು ಅದನ್ನು ಹಗುರವಾಗಿ ಮಾಡಿರುತ್ತಾರೆ. ಅದರಿಂದ ಇವುಗಳಲ್ಲಿ ಕೆಲವಕ್ಕೆ ಎಲ್ಲ ಬಗೆಯ ಕಾಡತೂಸೂ ಒಗ್ಗುವುದಿಲ್ಲ.

ಮೂರನೆಯದು ರಿವಾಲ್ವರ್. ಇದರ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಗುಂಡು ಹಾರದಿದ್ದರೆ ಕಾಡತೂಸುಗಳಿರುವ ಸಿಲಿಂಡರ್ ತಿರುಗಿ ಮುಂದಿನದಕ್ಕೆ ಹೋಗುತ್ತದೆ. ಮ್ಯಾಗಜೀನಿನ ಗೋಜಿಲ್ಲ, ನಿಧಾನದ್ದಾಗಲಿ ಜೋರಿನದ್ದಾಗಲಿ ಕಾಡತೂಸಿನ ವೇಗದ ತಕರಾರಿಲ್ಲ. ಪ್ರತಿ ಸಲ ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ಹೆಬ್ಬೆರಳಿನಿಂದ ಎಳೆದು ಹೊಡೆಯುವ ಸಿಂಗಲ್ ಆಕ್ಷನ್ ರಿವಾಲ್ವರುಗಳಲ್ಲಿ 1953ರಿಂದ ಬರುತ್ತಿರುವ ರೂಗರ್ ಸಿಂಗಲ್ ಸಿಕ್ಸ್ ಹೆಸರುವಾಸಿ. 2019ರ ರ‍್ಯಾಂಗ್ಲರ್ ಅದೇ ಕಂಪನಿಯ ಅಗ್ಗದ ತಮ್ಮ. ಹೊಸಬರಿಗೆ ಒಂದೊಂದೇ ಗುಂಡಿನ ಮೇಲೆ ಮನಸ್ಸಿಡುವುದನ್ನು ಕಲಿಸಲು ಇದಕ್ಕಿಂತ ಸರಳ ಆಯುಧ ಸಿಗದು. ತೊಂದರೆ ಇಷ್ಟೇ: ಅಗ್ಗದವುಗಳಲ್ಲಿ ಸೈಟು ಹೊಂದಿಸಲು ಬರುವುದಿಲ್ಲ, ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ.

ಒಂದೇ ಪಿಸ್ತೂಲು ಕೊಳ್ಳುವುದಾದರೆ ನನ್ನ ಮತ ಮೊದಲ ಬಗೆಗೆ. ಅದರಲ್ಲೂ ಬಿಚ್ಚುವ ಸುಲಭ ನೋಡಿ. ರೂಗರ್‌ನ ಹಳೆಯ ಮಾರ್ಕ್ ಮಾದರಿಗಳು ಎಷ್ಟೇ ಗಟ್ಟಿಯಿದ್ದರೂ ಬಿಚ್ಚಿದ ಮೇಲೆ ಮತ್ತೆ ಜೋಡಿಸಲು ಹೆಣಗಿಸುತ್ತಿದ್ದವು. 2016ರ ಮಾರ್ಕ್ 4ರಲ್ಲಿ ಹಿಂಬದಿಯ ಗುಂಡಿ ಒತ್ತಿದರೆ ಮೇಲ್ಭಾಗ ಮಡಚಿಕೊಂಡು ಬಿಡುತ್ತದೆ. ಬಕ್ ಮಾರ್ಕ್‌ನ ಟ್ರಿಗರ್ ಪೆಟ್ಟಿಗೆಯಿಂದ ತೆಗೆದಾಗಲೇ ಚೆನ್ನಾಗಿರುತ್ತದೆ. ಆದರೆ ಅದನ್ನು ಬಿಚ್ಚಲು ಮೇಲಿನ ಸ್ಕ್ರೂ ತೆಗೆಯಬೇಕು, ಆ ಸ್ಕ್ರೂ ಸಡಿಲವಾದರೆ ಸೈಟೂ ಅಲುಗುತ್ತದೆ. ಅದು ಬಿಗಿಯಾಗಿದೆಯೇ ಎಂದು ಆಗಾಗ ನೋಡುವುದು ಕಡ್ಡಾಯ. ದೊಡ್ಡ ಪಿಸ್ತೂಲಿಗೆ ಮೇಲ್ಭಾಗ ಬದಲಿಸಿ .22 ಮಾಡುವ ಕಿಟ್ಟುಗಳು ಮೊದಲ ಆಯ್ಕೆಗೆ ಬೇಡ.

ಕೈಯಲ್ಲಿ ಹಿಡಿದಾಗ

ಅನುಮತಿ ಕೇಳಿ, ಪಿಸ್ತೂಲು ಖಾಲಿ ಎಂದು ಮಾರುವವರೂ ನೀವೂ ಇಬ್ಬರೂ ಕಣ್ಣಾರೆ ನೋಡಿಕೊಂಡ ಮೇಲೆ ಕೈಗೆ ತೆಗೆದುಕೊಳ್ಳಿ. ಸುರಕ್ಷಿತ ದಿಕ್ಕಿಗೆ ಹಿಡಿದು ಕಣ್ಣು ಮುಚ್ಚಿ ಕೈ ಚಾಚಿ. ಕಣ್ಣು ತೆರೆದಾಗ ಮುಂದಿನ ಸೈಟು ಹಿಂದಿನ ಸೈಟಿನ ಸೀಳಿನಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಕೂತಿದ್ದರೆ ಹಿಡಿಯ ಕೋನ ನಿಮಗೆ ಒಗ್ಗಿದೆ. ಮಣಿಕಟ್ಟು ಬಗ್ಗಿಸಿ ಸರಿಮಾಡಿಕೊಳ್ಳಬೇಕಾಗಿ ಬಂದರೆ ಇನ್ನೊಂದು ಮಾದರಿ ನೋಡಿ. ಮಾರ್ಕ್ 4 ಎರಡು ಹಿಡಿಕೋನಗಳಲ್ಲಿ ಸಿಗುತ್ತದೆ. ಹಳೆಯ ವಾಲಿದ ಕೋನ ಒಗ್ಗದವರಿಗೆ ನೆಟ್ಟನೆಯ 22/45 ಇದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಸಲೀಸಾಗಿ ಟ್ರಿಗರ್ ಮೇಲೆ ಬರಬೇಕು. ಮ್ಯಾಗಜೀನ್ ಬಿಡಿಸುವ ಗುಂಡಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಎರಡಕ್ಕೂ ಹೆಬ್ಬೆರಳು ತಲುಪಬೇಕು. ಎಡಗೈಯವರು ಸೇಫ್ಟಿ ಯಾವ ಕಡೆಗಿದೆ ಎಂದು ವಿಶೇಷವಾಗಿ ನೋಡಿಕೊಳ್ಳಿ.

ಸೈಟುಗಳ ನಡುವಿನ ಅಂತರ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ. ಅಂತರ 200 ಮಿ.ಮೀ. ಇರುವ ಪಿಸ್ತೂಲಿನಲ್ಲಿ ಮುಂದಿನ ಸೈಟು 1 ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು 50 ಮಿ.ಮೀ. ತಪ್ಪುತ್ತದೆ. ಅಂತರ 130 ಮಿ.ಮೀ. ಆದರೆ ಅದೇ ತಪ್ಪಿಗೆ 77 ಮಿ.ಮೀ. ದೂರ ಹೋಗುತ್ತದೆ. ಗಿಡ್ಡ ಪಿಸ್ತೂಲು ಸ್ವತಃ ನಿಖರವಲ್ಲ ಎಂದು ಇದರ ಅರ್ಥವಲ್ಲ. ನಿಮ್ಮ ತಪ್ಪನ್ನು ಅದು ದೊಡ್ಡದು ಮಾಡಿ ತೋರಿಸುತ್ತದೆ. ನಾಲ್ಕೂವರೆಯಿಂದ ಐದೂವರೆ ಇಂಚಿನ ನಳಿಗೆ ಹವ್ಯಾಸಿಗಳಿಗೆ ಸರಿಯಾದ ಅಳತೆ. ಹಿಂದಿನ ಸೈಟು ಎಡಬಲಕ್ಕೂ ಮೇಲೆಕೆಳಗೂ ಹೊಂದಿಸಲು ಬರಲೇಬೇಕು, ಏಕೆಂದರೆ ಕಾಡತೂಸು ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ನಲವತ್ತು ದಾಟಿದ ಕಣ್ಣುಗಳಿಗೆ ಮುಂದಿನ ಸೈಟು ಮಸುಕಾಗುವುದು ಸಹಜ. ಕೆಂಪು ಚುಕ್ಕೆಯಿಂದ ಗುರಿ ತೋರುವ ರೆಡ್ ಡಾಟ್ ಸಾಧನ ಕೂರಿಸಲು ಮೇಲೆ ಜಾಗವಿರುವ ಮಾದರಿ ತೆಗೆದುಕೊಂಡರೆ ಮುಂದೆ ಅನುಕೂಲ.

ಟ್ರಿಗರ್ ಕುರಿತು: ಎಳೆತ ಹಗುರವಾಗಿರುವುದಕ್ಕಿಂತ ಸ್ವಚ್ಛವಾಗಿರುವುದು ಮುಖ್ಯ. ಅಂತರರಾಷ್ಟ್ರೀಯ 25 ಮೀಟರ್ ಸ್ಪರ್ಧೆಯ ಪಿಸ್ತೂಲಿನಲ್ಲೂ ಎಳೆತ 1000 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಹವ್ಯಾಸಕ್ಕೆ ಎರಡು ಕಿಲೋ ಆಸುಪಾಸಿನ ಎಳೆತ ಸಾಕು, ಆದರೆ ನಡುವೆ ಮರಳು ತುಳಿದಂತೆ ಕರಕರ ಎನ್ನಬಾರದು. ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ನೋಡುವ ಮೊದಲು ಕೇಳಿ. ಅನೇಕ ಹಳೆಯ .22ಗಳಲ್ಲಿ ಹಾಗೆ ಮಾಡಿದರೆ ಫೈರಿಂಗ್ ಪಿನ್ನು ನೇರವಾಗಿ ಚೇಂಬರಿನ, ಅಂದರೆ ನಳಿಗೆಯಲ್ಲಿ ಕಾಡತೂಸು ಕೂರುವ ಗೂಡಿನ, ಅಂಚಿಗೆ ಬಡಿದು ಕಚ್ಚು ಬೀಳುತ್ತದೆ. ಆ ಕಚ್ಚಿನಿಂದ ಮುಂದೆ ಕಾಡತೂಸು ಒಳಗೆ ಸರಿಯಾಗಿ ಕೂರುವುದಿಲ್ಲ. ಕೆಲವು ಮಾದರಿಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇದೆ. ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಮ್ಯಾಗಜೀನು

ಒಂದು ಗುಂಡು ಹಾರಿದೊಡನೆ ಮುಂದಿನದು ತಾನೇ ಒಳಗೆ ಬರುವ ಅರೆಸ್ವಯಂಚಾಲಿತ .22ರಲ್ಲಿ ಗುಂಡು ಕಚ್ಚಿಕೊಂಡರೆ ನಾನು ಮೊದಲು ಅನುಮಾನಿಸುವುದು ಮ್ಯಾಗಜೀನನ್ನು. ಅದರ ಬಾಯಂಚು ಕೂದಲೆಳೆಯಷ್ಟು ಬಾಗಿದರೂ ಕಾಡತೂಸು ಬೇರೆ ಕೋನದಲ್ಲಿ ಏಳುತ್ತದೆ, ನಳಿಗೆಯ ಬಾಯಿಗೆ ಹೋಗದೆ ಅಂಚಿಗೆ ಗುದ್ದಿ ನಿಲ್ಲುತ್ತದೆ. ಪಿಸ್ತೂಲಿನ ಜೊತೆ ಒಂದೇ ಬಂದಿದ್ದರೆ ಅದೇ ಕಂಪನಿಯ ಇನ್ನೊಂದನ್ನು ಅವತ್ತೇ ಕೊಳ್ಳಿ, ನಕಲಿಯ ಸಹವಾಸ ಬೇಡ. ಪ್ರತಿಯೊಂದರ ತಳಕ್ಕೂ ಬಣ್ಣದಿಂದ ಅಂಕಿ ಬರೆಯಿರಿ. ತೊಂದರೆ ಯಾವಾಗಲೂ ಎರಡನೆಯ ಅಂಕಿಯದರಲ್ಲೇ ಬರುತ್ತಿದ್ದರೆ ಪಿಸ್ತೂಲನ್ನು ದೂರುವ ಅಗತ್ಯವಿಲ್ಲ. ತುಂಬುವಾಗ ಪಕ್ಕದ ಗುಂಡಿಯನ್ನು ಪೂರ್ತಿ ಕೆಳಗೆಳೆದು ಕಾಡತೂಸುಗಳನ್ನು ಒಮ್ಮೆಗೇ ಸುರಿಯಬೇಡಿ. ಒಂದೊಂದೇ ಇಡಿ, ಪ್ರತಿಯೊಂದರ ಅಂಚೂ ಕೆಳಗಿನದರ ಅಂಚಿನ ಮುಂದೆ ಕೂರಲಿ. ಅಂಚಿಗೆ ಅಂಚು ಸಿಕ್ಕಿಬೀಳುವ ತೊಂದರೆ ಅರ್ಧಕ್ಕರ್ಧ ಅಲ್ಲಿಗೇ ಹೋಗುತ್ತದೆ.

ಕಾಡತೂಸಿನ ಪರೀಕ್ಷೆ

ಇಡೀ ಆಯ್ಕೆಯಲ್ಲಿ ಜನ ಹೆಚ್ಚು ಅಸಡ್ಡೆ ಮಾಡುವ ಹಂತ ಇದು. ಅಗ್ಗವೆಂದು ಸಾವಿರಗಟ್ಟಲೆ ಗುಂಡನ್ನು ಒಮ್ಮೆಗೇ ಕೊಳ್ಳಬೇಡಿ. ಮೊದಲು ನಾಲ್ಕೈದು ಬಗೆಯ ಐವತ್ತರ ಡಬ್ಬಿ ಒಂದೊಂದು ತನ್ನಿ.

ಸ್ಟ್ಯಾಂಡರ್ಡ್ ವೆಲಾಸಿಟಿ ಎನ್ನುವ ಬಗೆ ರೈಫಲಿನಲ್ಲಿ ಸೆಕೆಂಡಿಗೆ ಸುಮಾರು 325 ಮೀಟರ್, ಹೈ ವೆಲಾಸಿಟಿ 380 ಮೀಟರ್ ಸುಮಾರು ಓಡುತ್ತವೆ. ಪಿಸ್ತೂಲಿನ ಗಿಡ್ಡ ನಳಿಗೆಯಲ್ಲಿ ಎರಡೂ ಇದಕ್ಕಿಂತ ನಿಧಾನ. ಗುಂಡಿನ ಹಿಂದೊತ್ತಡವೇ ಬೋಲ್ಟನ್ನು ಹಿಂದಕ್ಕೆ ತಳ್ಳಬೇಕಾದ್ದರಿಂದ ಹೊಸ, ಬಿಗಿಯಾದ ಸ್ಪ್ರಿಂಗಿನ ಪಿಸ್ತೂಲುಗಳಿಗೆ ಶುರುವಿನಲ್ಲಿ ಹೈ ವೆಲಾಸಿಟಿ, ತಾಮ್ರದ ಲೇಪವಿರುವ, ದುಂಡು ಮೂಗಿನ 40 ಗ್ರೇನ್ ಗುಂಡು ಒಗ್ಗುತ್ತದೆ. ಸಿಸಿಐ ಕಂಪನಿಯ ಮಿನಿ ಮ್ಯಾಗ್ ಇದಕ್ಕೆ ಎಲ್ಲರೂ ಮೊದಲು ಹೇಳುವ ಹೆಸರು. ನಿಖರತೆ ಬೇಕೆನಿಸಿದಾಗ ಸ್ಟ್ಯಾಂಡರ್ಡ್ ವೆಲಾಸಿಟಿಗೆ ಬನ್ನಿ. ಸ್ಪರ್ಧೆಯ ಪಿಸ್ತೂಲುಗಳನ್ನು ಸಾಮಾನ್ಯವಾಗಿ ಅದಕ್ಕೇ ಹೊಂದಿಸಿರುತ್ತಾರೆ. ಸ್ಟಿಂಗರ್‌ನಂಥ ಅತಿವೇಗದ ಕಾಡತೂಸಿನ ಕೇಸು ಮಾಮೂಲಿಗಿಂತ ಉದ್ದ, ಬಿಗಿ ಅಳತೆಯ ಸ್ಪರ್ಧಾ ಚೇಂಬರಿಗೆ ಅದನ್ನು ಹಾಕಲೇಬಾರದು.

ಪರೀಕ್ಷೆ ಹೀಗೆ ಮಾಡಿ. ಪಿಸ್ತೂಲು ಶುಚಿ ಮಾಡಿ, ತೆಳುವಾಗಿ ಎಣ್ಣೆ ಹಚ್ಚಿ. ಪ್ರತಿ ಬಗೆಯಲ್ಲೂ ಐವತ್ತು ಗುಂಡು ಹಾರಿಸಿ, ಎರಡು ಮ್ಯಾಗಜೀನುಗಳನ್ನೂ ಸರದಿಯಲ್ಲಿ ಬಳಸಿ. ಗುಂಡು ಹಾರದೆ ಉಳಿದದ್ದು, ಒಳಗೆ ಹೋಗದೆ ಸಿಕ್ಕಿದ್ದು, ಖಾಲಿ ಕೇಸು ಹೊರಗೆ ಚಿಮ್ಮದೆ ನಿಂತದ್ದು ಇವನ್ನು ಬೇರೆ ಬೇರೆ ಬರೆದಿಡಿ. ಪ್ರತಿಯೊಂದರ ಕಾರಣ ಬೇರೆ. ಹಾರದೆ ಉಳಿದ ಕಾಡತೂಸಿನ ಅಂಚಿನಲ್ಲಿ ಪಿನ್ನಿನ ಗುರುತು ಆಳವಾಗಿದ್ದರೆ ದೋಷ ಕಾಡತೂಸಿನದು, ಮೇಲ್ಮೇಲಷ್ಟೇ ಇದ್ದರೆ ಪಿಸ್ತೂಲಿನದು. ಕೇಸು ಹೊರಬರದಿದ್ದರೆ ಕಾಡತೂಸು ದುರ್ಬಲವಾಗಿರಬಹುದು, ಚೇಂಬರಿನಲ್ಲಿ ಕೊಳೆ ಇರಬಹುದು, ಮಣಿಕಟ್ಟು ಸಡಿಲ ಬಿಟ್ಟಿರಲೂಬಹುದು. ನಂತರ ಕೈಯನ್ನು ಮರಳ ಚೀಲದ ಮೇಲೆ ಊರಿ 25 ಮೀಟರಿನಿಂದ ಐದೈದು ಗುಂಡಿನ ಗುಂಪು ಹೊಡೆಯಿರಿ. ಒಂದು ಬಗೆಯಲ್ಲಿ ಐದಾರು ಸೆಂಟಿಮೀಟರಿನೊಳಗೆ ಬಿದ್ದರೆ ಹವ್ಯಾಸಕ್ಕೆ ಅದು ಒಳ್ಳೆಯ ಪಿಸ್ತೂಲು. ಅಂತರರಾಷ್ಟ್ರೀಯ 25 ಮೀಟರ್ ನಿಖರ ಗುರಿಯ ಹತ್ತು ಅಂಕದ ವೃತ್ತ 50 ಮಿ.ಮೀ. ಅಷ್ಟೆ. ಒಂದೇ ಪಿಸ್ತೂಲು ಒಂದು ಡಬ್ಬಿಯಲ್ಲಿ ಚೆಲ್ಲಾಪಿಲ್ಲಿ ಹೊಡೆದು ಇನ್ನೊಂದರಲ್ಲಿ ಒತ್ತಾಗಿ ಹೊಡೆಯುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಒಗ್ಗಿದ ಬಗೆಯನ್ನು ಗುರುತಿಸಿದ ಮೇಲೆ ಅದನ್ನೇ ಹೆಚ್ಚು ಕೊಳ್ಳಿ.

ಗುಂಡು ಹಾರದಿದ್ದಾಗ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ, ತಡವಾಗಿ ಹೊತ್ತಿಕೊಳ್ಳಬಹುದು. ಸದ್ದು ಎಂದಿಗಿಂತ ಮಂದವಾಗಿ ಕೇಳಿ ಒದೆತವೇ ಗೊತ್ತಾಗದಿದ್ದರೆ ಮತ್ತೆ ಟ್ರಿಗರ್ ಎಳೆಯಲೇಬೇಡಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹಾರಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಪಿಸ್ತೂಲು ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಹಾಯುವುದನ್ನು ನೋಡಿಯೇ ಮುಂದುವರಿಯಿರಿ.

ಬಳಸಿದ್ದನ್ನು ಕೊಳ್ಳುವುದಾದರೆ

.22 ನಳಿಗೆ ಸವೆಯಲು ಬಹಳ ಕಾಲ ಬೇಕು. ಆದ್ದರಿಂದ ಬಳಸಿದ ಪಿಸ್ತೂಲು ಕೆಟ್ಟ ಆಯ್ಕೆಯೇನಲ್ಲ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಒಂದು ಕಡೆ ಕಪ್ಪು ಉಂಗುರದಂತೆ ಕಂಡರೆ ಅಲ್ಲಿ ಉಬ್ಬಿದೆ, ಬಿಟ್ಟುಬಿಡಿ. ಚೇಂಬರಿನ ಅಂಚಿನಲ್ಲಿ ಪಿನ್ನಿನ ಕಚ್ಚು, ಮ್ಯಾಗಜೀನಿನ ಬಾಯಂಚು, ಸ್ಲೈಡಿನಲ್ಲಿ ಬಿರುಕು ನೋಡಿ. ರಿವಾಲ್ವರಾದರೆ ಸುತ್ತಿಗೆ ಎಳೆದಾಗ ಸಿಲಿಂಡರ್ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಕಂಪನಿ ವಾಪಸು ಕರೆದ ಸಾಲಿಗೆ ಸೇರಿದೆಯೇ ಎಂಬುದನ್ನು ಸೀರಿಯಲ್ ನಂಬರಿನಿಂದ ಖಚಿತಪಡಿಸಿಕೊಳ್ಳಿ. 2017ರಲ್ಲಿ ರೂಗರ್ ಅದುವರೆಗೆ ಮಾಡಿದ್ದ ಮಾರ್ಕ್ 4ಗಳನ್ನು ಸೇಫ್ಟಿಯ ದೋಷಕ್ಕಾಗಿ ವಾಪಸು ಕರೆದಿತ್ತು. ಸೇಫ್ಟಿ ಅರ್ಧ ದಾರಿಯಲ್ಲಿ ನಿಂತಿರುವಾಗ ಟ್ರಿಗರ್ ಎಳೆದರೆ, ಆಮೇಲೆ ಸೇಫ್ಟಿ ತೆಗೆದಾಗ ಗುಂಡು ಹಾರುವ ಸಾಧ್ಯತೆ ಇತ್ತು. ಅಂಥದ್ದು ದುರಸ್ತಿಯಾಗಿದೆ ಎಂದು ಖಾತರಿಯಾಗದೆ ಬಳಸಬೇಡಿ. ಕೋಲ್ಟ್ ವುಡ್ಸ್‌ಮನ್‌ನಂಥ, 1977ರಲ್ಲೇ ತಯಾರಿಕೆ ನಿಂತ ಚಂದದ ಹಳೆಯ ಪಿಸ್ತೂಲುಗಳು ಮನಸ್ಸು ಸೆಳೆಯುತ್ತವೆ. ಆದರೆ ಬಿಡಿಭಾಗ, ಮ್ಯಾಗಜೀನು ಹುಡುಕುವ ತಾಳ್ಮೆ ಇದ್ದರೆ ಮಾತ್ರ.

ಪಿಸ್ತೂಲಿನ ಜೊತೆಗೆ ಬಜೆಟ್ಟಿನಲ್ಲಿ ಸೇರಬೇಕಾದವು

ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ. .22 ಸಣ್ಣದೆಂದು ಕಿವಿ ಮುಚ್ಚದೆ ಹೊಡೆಯುವವರಿದ್ದಾರೆ. ಗಿಡ್ಡ ನಳಿಗೆಯ ಸದ್ದು 140 ಡೆಸಿಬೆಲ್ ದಾಟಬಲ್ಲದು, ಹೋದ ಕಿವಿ ಮರಳಿ ಬರುವುದಿಲ್ಲ. ಅದೇ ಸಣ್ಣ ಗುಂಡು ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹೋಗಬಲ್ಲದು. ಆದ್ದರಿಂದ ಗಟ್ಟಿ ದಿಬ್ಬವಿಲ್ಲದ ಕಡೆ, ಕಲ್ಲು, ನೀರಿನ ಕಡೆ ಹೊಡೆಯುವಂತಿಲ್ಲ. ಉಕ್ಕಿನ ಗುರಿಯಾದರೆ ಗುಳಿಬೀಳದ ಗಟ್ಟಿ ಉಕ್ಕು ಇರಲಿ, ಮುಖ ಸ್ವಲ್ಪ ಕೆಳಕ್ಕೆ ವಾಲಿರಲಿ, ತಯಾರಕರು ಹೇಳಿದ ದೂರಕ್ಕಿಂತ ಹತ್ತಿರ ಹೋಗಬೇಡಿ. ಹೊಡೆದು ಮುಗಿದ ಮೇಲೆ ಸೋಪು ಹಾಕಿ ಕೈ, ಮುಖ ತೊಳೆಯದೆ ಏನನ್ನೂ ತಿನ್ನಬೇಡಿ, ಸೀಸದ ಪುಡಿ ಕೈಯಲ್ಲಿರುತ್ತದೆ. ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಬಟ್ಟೆಯನ್ನೂ ಬದಲಿಸಿ.

ಶುಚಿಗೆ ದೊಡ್ಡ ಸಾಮಾನು ಬೇಡ: .22 ಅಳತೆಯ ಕಡ್ಡಿ, ಹಿತ್ತಾಳೆಯ ಬ್ರಷ್, ಬಟ್ಟೆ ತುಂಡು, ಒಳ್ಳೆಯ ದ್ರಾವಣ, ಎಣ್ಣೆ. ನಳಿಗೆಯನ್ನು ಉಜ್ಜಿ ಉಜ್ಜಿ ಸವೆಸುವ ಅಗತ್ಯವಿಲ್ಲ. ಗಮನ ಬೇಕಾದದ್ದು ಚೇಂಬರ್, ಬೋಲ್ಟಿನ ಮುಖ ಮತ್ತು ಖಾಲಿ ಕೇಸನ್ನು ಹಿಡಿದೆಳೆಯುವ ಪುಟ್ಟ ಕೊಕ್ಕೆಗೆ. ಅದರ ಕೆಳಗೆ ಸೇರುವ ಮಸಿಯೇ ಬಹಳಷ್ಟು ಸಲ ಕೇಸು ಹೊರಬರದಂತೆ ಮಾಡುತ್ತದೆ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೆಗೆಯಬಹುದು. ಎಣ್ಣೆ ಹೆಚ್ಚಾದರೆ ಮಸಿಯನ್ನು ಹಿಡಿದುಕೊಂಡು ಗೊಜ್ಜಾಗುತ್ತದೆ. ಮ್ಯಾಗಜೀನಿನ ಒಳಗೆ ಎಣ್ಣೆ ಹಾಕಲೇಬೇಡಿ, ಒಣ ಬಟ್ಟೆಯಲ್ಲಿ ಒರೆಸಿಡಿ. ಮನೆಯಲ್ಲಿ ಪಿಸ್ತೂಲನ್ನು ಖಾಲಿ ಮಾಡಿ ಬೀಗದಲ್ಲಿಡಿ, ಕಾಡತೂಸನ್ನು ಬೇರೆ ಬೀಗದಲ್ಲಿಡಿ, ಎರಡರ ಕೀಲಿಯೂ ನಿಮ್ಮ ಹತ್ತಿರವೇ ಇರಲಿ.